ಕಾಲುವೆಯ ಬಾಲದಲ್ಲೊಂದು ವೋಟು

ಹರಿಯುವ ನೀರಿಗೆ ಕಾಲು ಅಡ್ಡ ಇಡುವುದು ನನ್ನ ಹಳೆಯ ಚಟ. ಬಚ್ಚಲಲ್ಲಿ ನೀರು ಮೋರಿಯ ಕಡೆ ಹೊರಟಿತೆಂದರೆ ನನ್ನ ಎಡಗಾಲು ತಾನಾಗಿಯೇ ಹೋಗಿ ಅಡ್ಡ ಕೂರುತ್ತದೆ. ಪಕ್ಕದ ಮನೆಯವರು ಸ್ಕೂಟರ್ ತೊಳೆದ ನೀರು ನಮ್ಮ ಬಾಗಿಲ ಮುಂದೆ ಹಾಯುವಾಗಲೂ ಹೀಗೇ. ಒಮ್ಮೆ ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ನಳದ ಪೈಪು ಒಡೆದು ನೀರು ಹರಿಯುತ್ತಿತ್ತು. ನಾನು ಇಸ್ತ್ರಿ ಮಾಡಿದ ಪ್ಯಾಂಟಿನಲ್ಲೇ ಅದಕ್ಕೆ ಕಾಲು ಕೊಟ್ಟು ನಿಂತುಬಿಟ್ಟೆ. ಹೋಗುವವರು ಬರುವವರು ನನ್ನನ್ನು ನೋಡಿ, ಆಮೇಲೆ ಕಾಲನ್ನು ನೋಡಿ, ಪಾಪ ಎನ್ನುವ ಹಾಗೆ ಮುಂದೆ ಹೋದರು. ಜೊತೆಗಿದ್ದ ಹೆಂಡತಿ, "ಹೋಗೋ ನೀರು ಹೋಗ್ಲಿ ಬಿಡ್ರಿ. ನಿಮ್ಮ ಕಾಲೇನು ತೂಬಿನ ಬಾಗಿಲೇನು?" ಎಂದು ರಟ್ಟೆ ಹಿಡಿದು ಎಳೆದಳು.

ಮೊನ್ನೆ ಮಾಳಿಗೆಯ ಮೇಲಿನ ನೀರಿನ ಟಾಕಿ ತುಂಬಿ ಅಂಗಳಕ್ಕೆ ನೀರು ಇಳಿಯಿತು. ನನ್ನ ಕಾಲು ಎಂದಿನಂತೆ ತನ್ನ ಕೆಲಸಕ್ಕೆ ಹೋಯಿತು. ಅಂಗಳದಲ್ಲಿ ಮಗಳು ಮೇಘಾ, ಅವಳ ಕಾಲೇಜಿನ ಗೆಳತಿಯರು ಕುಳಿತು ಚುನಾವಣೆಯ ಮಾತಾಡುತ್ತಿದ್ದರು. ಎಲ್ಲರಿಗೂ ಇದು ಮೊದಲ ವೋಟು. ಸೈದಾಪುರದಿಂದ ದಿನವೂ ರೈಲಿಗೆ ಬರುವ ಹುಡುಗಿಯ ನಿಲುವು ಬಹಳ ಸ್ಪಷ್ಟವಾಗಿತ್ತು. "ನಮ್ಮೂರಾಗ ಇನ್ನೊಂದು ರೈಲು ನಿಂದರಸವ್ರಿಗಿ ನನ್ನ ವೋಟು. ಅಂವ ಯಾವ ಪಾರ್ಟಿ ಆದ್ರೂ ಆಗ್ಲಿ, ಯಾವ ಜಾತಿ ಆದ್ರೂ ಆಗ್ಲಿ." ಇನ್ನೊಬ್ಬಳು, "ನಮ್ಮಪ್ಪ ಒಬ್ಬನ್ನ ತೋರ್ಸ್ಯಾನ. ನಾ ಹೂಂ ಅಂದೀನಿ. ಹೂಂ ಅನ್ನಾಕೇನು, ಒಳಗ ಅಂವ ಬರ್ತಾನೇನು?" ಎಂದಳು. ಎಲ್ಲರೂ ನಕ್ಕರು. ನನ್ನ ಮಗಳಿಗೆ ಯಾರ ಮೇಲೂ ವಿಶ್ವಾಸವಿಲ್ಲ. ಯಂತ್ರದ ಕೊನೆಯ, ಯಾರೂ ಬೇಡ ಎನ್ನುವ ಗುಂಡಿ ಒತ್ತಿ ಬರುತ್ತಾಳಂತೆ. ಅದು ಯಾರಿಂದ ಬಂದ ಗುಣ ಎಂದು ಹೆಂಡತಿ ಅಡುಗೆಮನೆಯಿಂದಲೇ ಹೇಳಿದಳು.

ನಾನು ಸುಮ್ಮನೆ ಇರಬಹುದಿತ್ತು. ಸಮಾಜಶಾಸ್ತ್ರ ಓದಿದವನಿಗೆ ಆ ಭಾಗ್ಯವಿಲ್ಲ. ನಿಮ್ಮ ಮನೆಯಲ್ಲಿ ತೀರ್ಮಾನ ಯಾರದು, ಸುದ್ದಿ ಎಲ್ಲಿಂದ ತಿಳಿಯುತ್ತೀರಿ, ಎಂದು ಶುರು ಮಾಡಿದೆ. ಮೇಘಾ ಕೈ ಎತ್ತಿ ನಿಲ್ಲಿಸಿದಳು.

"ಅಪ್ಪಾ, ನಮ್ಮನ್ನ ಕೇಳೋದು ಆಮ್ಯಾಲ. ನೀ ಮೊದ್ಲ ವೋಟು ಯಾರಿಗಿ ಹಾಕಿದ್ದಿ?"

ಟಾಕಿಯ ನೀರು ನನ್ನ ಕಾಲನ್ನು ಸುತ್ತಿಕೊಂಡು ತನ್ನ ದಾರಿಗೆ ಹೋಯಿತು.

ತಮಾಷೆ ನೋಡಿ, ಕಲಬುರಗಿಯಲ್ಲಿ ಎಂ.ಎ. ಓದುವಾಗ ಇದೇ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಊರೂರು ಅಲೆದಿದ್ದೆ. ಕಂಡಕಂಡ ಹೊಸ ಮತದಾರರನ್ನು ನಿಲ್ಲಿಸಿ, ನಿಮ್ಮ ಮೊದಲ ಮತ ಯಾರಿಗೆ ಎಂದು ಕೇಳುತ್ತಿದ್ದೆ. ಸಿಕ್ಕವರೆಲ್ಲ ಗೆದ್ದವನಿಗೇ ಹಾಕಿದ್ದರು! ಹಾಗಾದರೆ ಸೋತವನಿಗೆ ಬಿದ್ದ ವೋಟೆಲ್ಲ ಯಾರವು? ಅವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಹಾಗೆಯೇ ನೆನಪಿತ್ತು. ಅಂದಿನಿಂದ ನನಗೆ ಯಾರ ನೆನಪಿನ ಮೇಲೂ ನಂಬಿಕೆ ಇಲ್ಲ. ನನ್ನದರ ಮೇಲಂತೂ ಇಲ್ಲವೇ ಇಲ್ಲ. ಆದ್ದರಿಂದ ಮುಂದೆ ಹೇಳುವುದನ್ನು ನೀವೂ ಸ್ವಲ್ಪ ಜರಡಿ ಹಿಡಿದೇ ಓದಿ.

ನಮ್ಮೂರು ಶಹಾಪುರ ತಾಲೂಕಿನದು. ಹೊಲದ ಒಡ್ಡಿನ ಮೇಲೆ ನಿಂತರೆ ದೂರದಲ್ಲಿ ವನದುರ್ಗದ ಕೋಟೆ ಕಾಣಿಸುತ್ತದೆ. ಕೃಷ್ಣೆಯ ನೀರು ಸುರಪುರದ ಕಡೆಯಿಂದ ಕಾಲುವೆಯಲ್ಲಿ ಬಂದು, ಕವಲು ಕವಲಾಗಿ ಒಡೆದು, ಕೊನೆಯ ಸಣ್ಣ ಕವಲು ನಮ್ಮ ಹೊಲಗಳಲ್ಲಿ ಮುಗಿಯಬೇಕು. ಬೇಕು ಎಂದೆ. ನಕ್ಷೆಯಲ್ಲಿ ಮುಗಿಯುತ್ತಿತ್ತು. ಸಾಹೇಬರು ನಮ್ಮೂರನ್ನು ಟೇಲ್ ಎಂಡ್ ಎನ್ನುತ್ತಿದ್ದರು. ನಾವು ಅದನ್ನೇ ಟೇಲೆಂಡು ಮಾಡಿಕೊಂಡು, ಯಾವ ಊರೆಂದು ಯಾರಾದರೂ ಕೇಳಿದರೆ "ಟೇಲೆಂಡಿನವ್ರು ನಾವು" ಎಂದು ಮನೆತನದ ಹೆಸರಿನ ಹಾಗೆ ಹೇಳುತ್ತಿದ್ದೆವು.

ನೀರು ಬಾರದ ಕಾಲುವೆ ಮಕ್ಕಳಿಗೆ ಎಂಥ ಸಂಪತ್ತು ಎನ್ನುವುದು ದೊಡ್ಡವರಿಗೆ ಗೊತ್ತಿರುವುದಿಲ್ಲ. ಅದರ ಇಳಿಜಾರಿನ ಕಲ್ಲಿನ ಮೇಲೆ ಜಾರಿ ಜಾರಿ ನಮ್ಮ ಚಡ್ಡಿಗಳ ಹಿಂಭಾಗ ಸವೆದು ಹೋಗುತ್ತಿತ್ತು. ಅದಕ್ಕೆ ತೇಪೆ ಹಾಕುವುದು ಮೌಲಾ ಎಂಬ ಗೆಳೆಯನ ಅಪ್ಪ, ನಮ್ಮೂರಿನ ಒಬ್ಬನೇ ದರ್ಜಿ. ಯಾರ ಚಡ್ಡಿಯ ಬಣ್ಣಕ್ಕೂ ಹೊಂದದ ಬಟ್ಟೆ ಅವರ ಬಳಿ ಸದಾ ಇರುತ್ತಿತ್ತು. ಬೇಸಿಗೆಯಲ್ಲಿ ಕಾಲುವೆಯ ತಳದಲ್ಲಿ ಲಗೋರಿ, ಚಳಿಗಾಲದಲ್ಲಿ ಅಲ್ಲಿಯೇ ಎಳೆಬಿಸಿಲು. ಅಕ್ಕ ಶರಣಮ್ಮ ಕಸೂತಿ ಹಾಕುವ ಬಟ್ಟೆ ಹಿಡಿದುಕೊಂಡು ಅಂಚಿನಲ್ಲಿ ಕುಳಿತು ನಮ್ಮ ಜಗಳಗಳ ತೀರ್ಪು ಕೊಡುತ್ತಿದ್ದಳು. ಎಂದಾದರೂ ಒಮ್ಮೆ ಅಪ್ಪಿತಪ್ಪಿ ನೀರು ಬಂದರೆ ನಮಗೆ ದುಃಖವಾಗುತ್ತಿತ್ತು. ಇದನ್ನು ಅಪ್ಪನ ಮುಂದೆ ಹೇಳುವ ಧೈರ್ಯ ಮಾತ್ರ ಇರಲಿಲ್ಲ.

ಹದಿನೆಂಟಕ್ಕೇ ವೋಟು ಎಂದು ಸರಕಾರ ಹೇಳಿದಾಗ ನಾನು, ಮೌಲಾ, ನನಗಿಂತ ದೊಡ್ಡವಳಾದ ಅಕ್ಕ, ಮೂವರೂ ಒಂದೇ ಸಲ ಮತದಾರರಾದೆವು. ಅಲ್ಲಿಯವರೆಗೆ ಇಪ್ಪತ್ತೊಂದಾಗಬೇಕಿತ್ತು. ಅಕ್ಕನಿಗೆ ಆಗಲೇ ಸುರಪುರದ ಕಡೆಯ ಒಂದು ಊರಿನಲ್ಲಿ ಗಂಡು ಗೊತ್ತಾಗಿತ್ತು. ಕಾಲುವೆಯ ತಲೆಯ ಊರು ಅದು. ವರ್ಷವೆಲ್ಲ ಭತ್ತ, ಮನೆಯ ಹಿಂದೆಯೇ ನೀರಿನ ಸದ್ದು. ನೋಡಿಬಂದ ಅವ್ವ, "ಅಲ್ಲಿ ಕಪ್ಪಿ ಒದರೂದು ಕೇಳಿ ಬಂದೀನವ್ವಾ" ಎಂದು ಒಡವೆಯ ಸುದ್ದಿ ಹೇಳಿದಂತೆ ಹೇಳಿದ್ದಳು.

ಆ ಚುನಾವಣೆಯ ಮುಂಚೆ ಒಣಗಿದ ಕಾಲುವೆಯಲ್ಲಿ ಕುಳಿತು ನಾವು ಆಡಿದ ರಾಜಕೀಯವನ್ನು ನೆನೆದರೆ ಈಗಲೂ ಒಬ್ಬನೇ ನಗುತ್ತೇನೆ. ನಾನು ಶಹಾಪುರದ ಕಾಲೇಜಿನಲ್ಲಿ ಕ್ರಾಂತಿಯ ಒಂದೆರಡು ಪದಗಳನ್ನು ಕಲಿತು ಬಂದಿದ್ದೆ. ಎಲ್ಲರೂ ಕಳ್ಳರು ಎನ್ನುವುದು ನನ್ನ ಸಿದ್ಧಾಂತ. ಮೌಲಾನದು ಕಸುಬಿನ ಸಿದ್ಧಾಂತ. ಗೋಡೆಗೆ ಹಚ್ಚಿದ ಅಭ್ಯರ್ಥಿಯ ಚಿತ್ರವನ್ನು ತಲೆ ಓರೆ ಮಾಡಿ ನೋಡಿ, "ಕಾಲರ್ ನೋಡೋ ಇಂವಂದು, ಎಡಕ ವಾಲ್ಯಾದ. ತನ್ನ ಜುಬ್ಬಾ ನೆಟ್ಟಗ ಹೊಲಿಸ್ಕೊಳ್ಳಾಕ ಬರಲ್ದವ ರಾಜ್ಯ ಏನು ನೆಟ್ಟಗ ಮಾಡ್ತಾನ?" ಎನ್ನುತ್ತಿದ್ದ. ಹೀಗೆ ನಾಲ್ಕೈದು ಮಂದಿಯನ್ನು ಕಾಲರಿನ ಮೇಲೆಯೇ ಸೋಲಿಸಿದ್ದ.

ಅಕ್ಕ ಮಾತ್ರ ಒಬ್ಬನನ್ನು ಆರಿಸಿಕೊಂಡಿದ್ದಳು. ಕಂದೀಲಿನ ಗುರುತಿನವ. ಯಾವ ಪಕ್ಷದವನೂ ಅಲ್ಲದ ಒಬ್ಬ ವಕೀಲ. ಬೇರೆಯವರ ಜೀಪುಗಳು ಊರ ಬಾಗಿಲಿನ ಅಗಸಿಯವರೆಗೆ ಬಂದು ಕೈ ಮುಗಿದು ತಿರುಗುತ್ತಿದ್ದವು. ಇವನು ಸೈಕಲ್ ನಿಲ್ಲಿಸಿ, ಕಾಲುವೆಯ ಒಳಗೇ ನಡೆದುಕೊಂಡು ಅದು ಮುಗಿಯುವ ತನಕ ಬಂದಿದ್ದ. ದಣಿದು, ಅಕ್ಕನ ಕೊಡದಿಂದ ನೀರು ಕುಡಿದು, "ಈ ನೀರು ಎಲ್ಲಿಂದ ತರ್ತೀ ತಂಗಿ?" ಎಂದು ಕೇಳಿದ್ದ.

"ಅಷ್ಟಕ್ಕ ವೋಟು ಹಾಕ್ತೀಯೇನಕ್ಕ?" ಎಂದು ನಾನು ನಕ್ಕೆ.

"ನೀನು ಹದಿನೆಂಟು ವರ್ಷ ನಾ ತಂದ ನೀರು ಕುಡದೀದಿ. ಒಮ್ಮ್ಯರ ಕೇಳೀಯೇನು?" ಎಂದಳು.

ಮೌಲಾ ಒಂದು ವಾರ ಈ ಮಾತನ್ನು ಹೇಳಿ ಹೇಳಿ ನನ್ನನ್ನು ಕಾಡಿದ.

ಅಷ್ಟರಲ್ಲಿ ಊರ ಹಿರಿಯರು ಕೂಡಿ ತೀರ್ಮಾನ ಮಾಡಿದರು: ಕಾಲುವೆಗೆ ನೀರು ಬರುವ ತನಕ ಒಬ್ಬರೂ ವೋಟು ಹಾಕಬಾರದು. ನನಗೆ ಹಬ್ಬವಾಯಿತು. ಕೆಮ್ಮಣ್ಣು ಕಲಸಿ ಶಾಲೆಯ ಗೋಡೆಯ ಮೇಲೆ ಮೊಳದುದ್ದದ ಅಕ್ಷರಗಳಲ್ಲಿ 'ನೀರಿಲ್ಲದೆ ಮತವಿಲ್ಲ' ಎಂದು ಬರೆದೆ. ಊರಿನಲ್ಲಿ ಎಲ್ಲರೂ ವೋಟು ಎನ್ನುವವರೇ. ಮತ ಎಂಬುದನ್ನು ಆ ಅರ್ಥದಲ್ಲಿ ಬಲ್ಲವನು ನಾನೊಬ್ಬನೇ ಇರಬೇಕು. ಮಠದ ಅಜ್ಜನವರು ಕೋಲು ಊರಿಕೊಂಡು ಬಂದು ಓದಿ, "ನೀರಿಲ್ಲ ಖರೆ. ಮತ ಇಲ್ಲ ಅಂದ್ರ ಹ್ಯಾಂಗಪ್ಪಾ? ನಮ್ಮೂರಾಗ ನೀರಿಗಿಂತ ಮತಾನೇ ಹೆಚ್ಚದ" ಎಂದರು. ಮೌಲಾ ಮೆಲ್ಲಗೆ, "ಅಳಿಸಿ ವೋಟು ಅಂತ ಬರಿಯೋ. ನಾಳೆ ನನ್ನನ್ನ ಹಿಡ್ಕೊಂಡು, ನಿಂದು ಯಾವ ಮತ ಇಲ್ಲ ಹೇಳು ಅಂತಾರ" ಎಂದ.

ಆ ದಿನ ಅಕ್ಕ ಊಟ ಮಾಡಲಿಲ್ಲ. ಅಪ್ಪ ಹೊರಗೆ ಹೋದ ಮೇಲೆ ನನ್ನ ಮುಂದೆ ಕುಳಿತಳು.

"ಈ ಸಲ ನಾ ಹಾಕ್ಬೇಕೋ ತಮ್ಮಾ."

"ಊರೇ ಬ್ಯಾಡ ಅಂದಾಗ? ಮುಂದಿನ ಸಲ ಅಲ್ಲಿ ಹಾಕೀಯಂತ ತಗೋ."

"ಅಲ್ಲಿ ಹೋದ ಮ್ಯಾಲ ನಂದು ಮ್ಯಾಲಿನವ್ರ ವೋಟು ಆಗ್ತದ. ಅವ್ರ ನೀರು ಕೆಳಗ ಬಿಡಬ್ಯಾಡ್ರಿ ಅನ್ನೋ ವೋಟು. ನಾನೂ ಅಲ್ಲೇ ಉಣ್ಣಾಕಿ, ಹಾಕ್ಲೇಬೇಕಾಗ್ತದ. ಈ ಹೊಲಕ್ಕ ನೀರು ಬರ್ಲಿ ಅಂತ ಹಾಕೋ ವೋಟು ನನಗ ಇದೊಂದೇ."

ಆಮೇಲೆ ಮತದಾನದ ಬಗ್ಗೆ ನಾನು ಎಷ್ಟೋ ದಪ್ಪ ಪುಸ್ತಕಗಳನ್ನು ಓದಿದೆ. ಕಾಲುವೆಯ ಮೇಲೆ ಕೆಳಗೆ ಆಗುತ್ತಲೇ ಮನುಷ್ಯನ ವೋಟು ಹೇಗೆ ತಿರುಗುತ್ತದೆ ಎನ್ನುವುದನ್ನು ಇಷ್ಟು ನೇರವಾಗಿ ಯಾರೂ ಬರೆದಿರಲಿಲ್ಲ. ಆಗ ಮಾತ್ರ ನಾನು ಏನು ಹೇಳಿದೆನೋ ನೆನಪಿಲ್ಲ. ಗೋಡೆಯ ಮೇಲೆ ಬರೆದುದನ್ನೇ ಮತ್ತೆ ಬಾಯಲ್ಲಿ ಹೇಳಿರಬೇಕು.

ಮತದಾನದ ಹಿಂದಿನ ಸಂಜೆ ಪೆಟ್ಟಿಗೆ ಹಿಡಿದುಕೊಂಡು ಅಧಿಕಾರಿಗಳು ಬಂದರು. ಮುಖ್ಯಸ್ಥರು ಮೈಸೂರು ಕಡೆಯವರು, ಬಹಳ ಸೌಮ್ಯ. ಅಗಸಿಯ ಕಟ್ಟೆಯ ಮೇಲೆ ಕುಳಿತವರಿಗೆ ಕೈ ಮುಗಿದು, "ದಯವಿಟ್ಟು ನಾಳೆ ಎಲ್ಲರೂ ಬನ್ನಿ. ನೂಕುನುಗ್ಗಲು ಬೇಡ, ಸರದಿಯಲ್ಲಿ ಬನ್ನಿ" ಎಂದರು. ನಮ್ಮ ಕಡೆ ಸರದಿಗೆ ಪಾಳಿ ಎನ್ನುತ್ತಾರೆ; ಸರ್ದಿ ಎಂದರೆ ನೆಗಡಿ. ಕಟ್ಟೆಯ ಮೇಲಿದ್ದ ಮುದುಕಿಯೊಬ್ಬಳು ಯೋಚಿಸಿ ಕೇಳಿದಳು: "ಸರ್ದಿ ಆದವ್ರೇ ಬರಬೇಕೇನ್ರಿ ಸಾಹೇಬ್ರ? ನನಗ ಬರೇ ಕೆಮ್ಮದ." ಪಾಪ, ಆ ಮನುಷ್ಯ ಅದನ್ನು ಬಹಿಷ್ಕಾರದ ವ್ಯಂಗ್ಯವೆಂದೇ ತಿಳಿದು ಮುಖ ಬಾಡಿಸಿಕೊಂಡು ಒಳಗೆ ಹೋದರು.

ಮರುದಿನ ಶಾಲೆಯ ಕಡೆ ಒಂದು ನರಪಿಳ್ಳೆಯೂ ಹೋಗಲಿಲ್ಲ. ಹಿರಿಯರು ಅಗಸಿಯಲ್ಲಿ ಕುಳಿತು ಕಾದರು. ಅಕ್ಕ ಬೆಳಿಗ್ಗೆಯೇ ತಲೆ ಬಾಚಿಕೊಂಡು, ಹಸಿರು ಸೀರೆ ಉಟ್ಟುಕೊಂಡು, ಎಲ್ಲಿಗೂ ಹೋಗದೆ ಹೊಸ್ತಿಲ ಮೇಲೆ ಕುಳಿತಿದ್ದಳು. ಅವ್ವ ಒಮ್ಮೆ ಸೀರೆಯನ್ನು ನೋಡಿ ಒಳಗೆ ಹೋದಳು.

ಮಧ್ಯಾಹ್ನ ದಾಟಿದ ಮೇಲೆ ಯಾರೋ ಓಡುತ್ತ ಬಂದರು. "ನೀರು ಬಿಟ್ಟಾರ! ನೀರು ಬರಾಕತ್ಯಾದ!"

ಯಾರು ಬಿಟ್ಟರು, ಹೆದರಿ ಬಿಟ್ಟರೋ ಮರೆತು ಬಿಟ್ಟರೋ, ಇವತ್ತಿಗೂ ಗೊತ್ತಿಲ್ಲ. ನೀರಂತೂ ಬಂತು. ಕಸ, ಒಣಗಿದ ಎಲೆ, ನಮ್ಮ ಲಗೋರಿಯ ಹಂಚುಗಳನ್ನೆಲ್ಲ ಮುಂದೆ ತಳ್ಳಿಕೊಂಡು ಬಂತು. ಬಹಿಷ್ಕಾರ ಗೆದ್ದಿತ್ತು, ಇನ್ನು ಎಲ್ಲರೂ ವೋಟು ಹಾಕಬಹುದಿತ್ತು. ಆದರೆ ಟೇಲೆಂಡಿನವನು ನೀರು ಕಂಡಾಗ ಶಾಲೆಯ ಕಡೆ ಓಡುತ್ತಾನೆಯೆ? ಅಗಸಿಯಲ್ಲಿದ್ದವರೆಲ್ಲ ಸಲಿಕೆ ಹಿಡಿದು ಹೊಲಕ್ಕೆ ಓಡಿದರು. ವೋಟು ಬೇಡವೆಂದು ಕಾಯುವವರೂ ಇಲ್ಲ, ಹಾಕುವವರೂ ಇಲ್ಲ. ಮೈಸೂರಿನ ಸಾಹೇಬರು ಬಾಗಿಲಲ್ಲಿ ಒಬ್ಬರೇ ನಿಂತಿದ್ದರಂತೆ.

ಅಪ್ಪ, ಮೇಲಿನ ಹೊಲದವರು ನೀರು ಕಟ್ಟಿಕೊಳ್ಳದಂತೆ ಕಾಯಲು ತೂಬಿನ ಕಡೆ ಹೋದ. ನಾನು, ಅಕ್ಕ ನಮ್ಮ ಜೋಳದ ಹೊಲದಲ್ಲಿ. ಬಹಳ ದಿನ ಒಣಗಿ ಬಿರುಕುಬಿಟ್ಟ ಎರೆಮಣ್ಣಿನ ಒಡ್ಡು ನೀರು ತಾಕುತ್ತಲೇ ಒಂದು ಕಡೆ ಒಡೆಯಿತು. ನೀರು ಜೋಳವನ್ನು ಬಿಟ್ಟು ಹಳ್ಳದ ದಾರಿ ಹಿಡಿಯಿತು. ಹಾಕಿದ ಮಣ್ಣೆಲ್ಲ ಕರಗಿ ಹೋಗುತ್ತಿತ್ತು. ಕೊನೆಗೆ ಉಳಿದದ್ದು ಒಂದೇ ಉಪಾಯ, ಒಡೆದ ಬಾಯಿಯಲ್ಲಿ ಎರಡು ಕಾಲು ಜೋಡಿಸಿ ಗಟ್ಟಿಯಾಗಿ ನಿಲ್ಲುವುದು. ಮಣ್ಣು ಕೂರುವ ತನಕ ಅಲುಗುವಂತಿಲ್ಲ.

ಆಗ ಒಡ್ಡಿನ ಮೇಲೆ ಮೌಲಾ ಓಡುತ್ತ ಬಂದ. "ಸಾಲಿ ಬಾಗಿಲು ಹಾಕೋ ಹೊತ್ತಾತು! ನಾ ಹಾಕಿ ಬಂದೀನಿ. ಬರೋರಿದ್ರ ಈಗ ಬರ್ರಿ!" ಎಂದು ಕೂಗಿ, ತನ್ನ ಹೊಲದ ಕಡೆ ಓಡಿದ.

ನಾನು ಒಡ್ಡಿನ ಬಾಯಿಯಲ್ಲಿ ನಿಂತೆ. ಅಕ್ಕ ಹೋದಳು.

ಇದು ನನಗೆ ಕಣ್ಣಿಗೆ ಕಟ್ಟಿದಂತಿದೆ. ಹಸಿರು ಸೀರೆಯನ್ನು ಮೊಳಕಾಲಿನವರೆಗೆ ಎತ್ತಿ ಸಿಕ್ಕಿಸಿಕೊಂಡು ಅವಳು ಒಡ್ಡಿನ ಮೇಲೆ ಓಡಿದ್ದು, ಜೋಳದ ಸಾಲಿನ ಆಚೆ ಮರೆಯಾದದ್ದು, ನನ್ನ ಕಾಲು ಮೊದಲು ಕೊರೆದು ಆಮೇಲೆ ಇದ್ದದ್ದೇ ಗೊತ್ತಾಗದಂತಾದದ್ದು. ಮರಳಿ ಬಂದವಳನ್ನು, "ಹಾಕಿದೇನಕ್ಕ?" ಎಂದು ಕೇಳಿದೆ. ಅವಳು ನಕ್ಕಳು. ಅವಳ ಬೆರಳು ಕಪ್ಪಾಗಿತ್ತು. ಅದು ಶಾಯಿಯೋ ಎರೆಮಣ್ಣೋ ಎಂದು ನೋಡಿ ಹೇಳುವಷ್ಟು ಬೆಳಕು ಉಳಿದಿರಲಿಲ್ಲ.

ನಾನು ಆ ಸಲ ವೋಟು ಹಾಕಲಿಲ್ಲ. ಕಂದೀಲಿನವ ಸೋತ. ಅಕ್ಕ ಮದುವೆಯಾಗಿ ಹೋದಳು. ಆಮೇಲೆ ಕಾಲುವೆಯ ಅಂಚಿನಲ್ಲಿ ನಾವು ಮೂವರೂ ಒಟ್ಟಿಗೆ ಕುಳಿತದ್ದಿಲ್ಲ. ಅವಳು ತವರಿಗೆ ಬಂದಾಗಲೆಲ್ಲ ಮಕ್ಕಳು, ನೆಂಟರು, ಅಡುಗೆ. ಅವಳ ಆ ಒಂದು ವೋಟು ಕಂದೀಲಿಗೇ ಬಿತ್ತೋ ಇಲ್ಲವೋ ಎಂದು ಕೇಳಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಊರವರ ಗುಟ್ಟಿನ ವೋಟನ್ನೆಲ್ಲ ಕೇಳಿ ಬಂದವನಿಗೆ ಇವಳನ್ನು ಕೇಳಲು ಮಾತ್ರ ಬಾಯಿ ಬರಲಿಲ್ಲ.

ಇಷ್ಟನ್ನೂ ಹುಡುಗಿಯರಿಗೆ ಹೇಳಿದೆ. ಮೇಘಾ ಕೇಳಿ ಮುಗಿಯುವುದರೊಳಗೆ ಫೋನು ತೆಗೆದು, ಎಲ್ಲರಿಗೂ ಕೇಳುವ ಹಾಗೆ ಮಾಡಿ, ಅತ್ತೆಗೆ ಹಚ್ಚಿದಳು.

"ಅತ್ತೀ, ನೀ ಮದ್ವಿಗಿಂತ ಮೊದ್ಲ ಊರಾಗ ವೋಟು ಹಾಕಿದ್ಯಲ್ಲ, ಅದು ಕಂದೀಲಿಗೇನು?"

"ನಾ ಎಲ್ಲಿ ಹಾಕಿದ್ನವ್ವಾ? ನಿಮ್ಮಪ್ಪ ಹೋಗಿ ಹಾಕಿ ಬಂದ. ನಾ ನೀರಾಗ ನಿಂತಿದ್ನಿ."

ನಾನು ಫೋನು ಕಿತ್ತುಕೊಂಡೆ.

"ಅಕ್ಕಾ, ನೀರಾಗ ನಿಂತವ ನಾನು! ಇವತ್ತಿಗೂ ನೀರು ಕಂಡಲ್ಲಿ ನನ್ನ ಕಾಲು ಅಡ್ಡ ಹೋಗ್ತದ."

"ಟೇಲೆಂಡಿನವ್ರ ಕಾಲು ಎಲ್ಲಾರದೂ ಹೋಗ್ತದ. ಅದೇನು ಸಾಕ್ಷಿ? ನನ್ನ ಹಸರು ಸೀರಿ ಮೊಳಕಾಲತನಕ ನೆಂದು ಕರೀದಾಗಿ, ಅವ್ವ ಒಗದು ಒಗದು ಸಾಕಾಗಿ ಹರದು ಕೌದಿಗಿ ಹಾಕಿದ್ಳು, ಮರ್ತೀಯೇನು?"

ಮೌಲಾನಿಗೆ ಫೋನು ಮಾಡಿದೆವು. ಅವನದು ಈಗ ಶಹಾಪುರದ ಬಜಾರಿನಲ್ಲಿ ಹೊಲಿಗೆಯ ಅಂಗಡಿ. "ನಾ ಇಬ್ಬರನ್ನೂ ಕರದು ಹೋದವ. ಯಾರು ಬಂದ್ರು ಅಂತ ಹಿಂದ ತಿರುಗಿ ನೋಡೀನೇನು? ಆ ಮೈಸೂರು ಸಾಹೇಬ್ರ ಪ್ಯಾಂಟು ನೆನಪದ. ಏನು ಹೊಲಿಗಿ ಮಾರಾಯ!" ಎಂದ.

ಒಬ್ಬರ ಬದಲು ಇನ್ನೊಬ್ಬರು ನಿಂತದ್ದಂತೂ ನಿಜ. ಇಬ್ಬರಿಗೂ ನಿಂತದ್ದೇ ನೆನಪಿದೆ. ಹಾಗಾದರೆ ಹೋದವರು ಯಾರು? ಇಬ್ಬರೂ ನಿಂತೇ ಇದ್ದೆವೆ? ನಾನು ಓದಿದ ವಿದ್ಯೆ ಹೇಳುವುದು ಅದನ್ನೇ: ಯಾರೂ ಹೋಗಲಿಲ್ಲ, ಒಬ್ಬರು ಇನ್ನೊಬ್ಬರನ್ನು ಕಳುಹಿಸಿಕೊಟ್ಟ ಸುಖವನ್ನು ಮಾತ್ರ ಇಟ್ಟುಕೊಂಡರು. ಇದನ್ನೇ ಅಕ್ಕನಿಗೆ ಹೇಳೋಣವೆಂದು ಮತ್ತೆ ಫೋನು ಹಿಡಿದು ಒಳಕೋಣೆಗೆ ಹೋದೆ. ಅವಳೇ ಮೊದಲು ಮಾತಾಡಿದಳು. ದನಿ ಬೇರೆಯಾಗಿತ್ತು.

"ತಮ್ಮಾ, ಬಾಳ ವರ್ಷ ಆತು, ನಿನ್ನ ಒಂದು ಕೇಳಬೇಕಂತ ಮಾಡೀನಿ."

"ಕೇಳಕ್ಕ."

"ನೀ ಹೋಗೂಮುಂದ ನಾ ಏನಂದಿದ್ನಿ? ನನ್ನ ಪಾಳಿ ನಿನಗ ಕೊಟ್ಟೀನಿ, ಕಂದೀಲಿಗಿ ಹಾಕಿ ಬಾ ಅಂದಿದ್ನಿ. ಹಾಕಿದೇನು? ಇಲ್ಲಾ ನಿನ್ನ ತಲಿಗಿ ತಿಳಿದಂಗ ಯಾರಿಗರ ಹಾಕಿ ಬಂದ್ಯೋ?"

ನೀರಿನ ಪಾಳಿಯನ್ನು ಹಾಗೆ ಕೊಡುವುದುಂಟು. ಮನೆಯಲ್ಲಿ ಸಾವು ನೋವಾದರೆ, ಹೆರಿಗೆಯಾದರೆ, ನಮ್ಮ ಪಾಳಿಯ ನೀರನ್ನು ಪಕ್ಕದವರು ತಿರುಗಿಸಿಕೊಳ್ಳುತ್ತಾರೆ. ವೋಟನ್ನು ಹಾಗೆ ಕೊಡಲು ಬರುವುದಿಲ್ಲ ಎನ್ನುವುದು ಅಕ್ಕನಿಗೆ ಗೊತ್ತಿಲ್ಲವೆ? ಆದರೂ ಇಷ್ಟು ವರ್ಷ, ಅಲ್ಲಿ ಮೇಲಿನವರ ವೋಟು ಹಾಕಿಕೊಂಡು ಬಂದ ಪ್ರತಿ ಸಲವೂ, ಕೆಳಗಿನ ಆ ಒಂದು ವೋಟು ತಮ್ಮನ ಕೈಯಿಂದ ಪೆಟ್ಟಿಗೆಗೆ ಬಿದ್ದಿದೆ ಎಂದು ನಂಬಿಕೊಂಡು ಅವಳು ಮನೆಗೆ ಹೋಗಿದ್ದಾಳೆ.

"ಹೌದಕ್ಕ," ಎಂದೆ. "ಕಂದೀಲಿಗೇ ಹಾಕೀನಿ."

ಆ ಕಡೆ ಉಸಿರು ಬಿಟ್ಟದ್ದು ಕೇಳಿಸಿತು. ಆದರೆ ಅಕ್ಕ ಅಷ್ಟಕ್ಕೆ ಬಿಡುವವಳಲ್ಲ. ಆಗ ಕಾಗದದ ಮೇಲೆ ಶಿಕ್ಕಾ ಒತ್ತುವ ಕಾಲ. ಹಸಿ ಶಾಯಿ ಮಡಿಚಿದಾಗ ಪಕ್ಕದವನ ಗುರುತಿಗೂ ಅಂಟಿದರೆ ವೋಟು ಹಾಳು ಎಂದು ಎಲ್ಲರೂ ಹೆದರುತ್ತಿದ್ದರು.

"ಶಿಕ್ಕಾ ನೆಟ್ಟಗ ಬಿದ್ದಿತ್ತೇನೋ?"

ಅವಳು ಕೇಳುತ್ತಲೇ ಎಲ್ಲವೂ ನನ್ನ ಕಣ್ಣ ಮುಂದೆ ಬಂತು: ಶಾಲೆಯ ಮೂಲೆಯಲ್ಲಿ ಗೋಣಿಚೀಲದ ಮರೆ, ಅದರ ಹಿಂದೆ ಕಾಲು ಅಲುಗುವ ಮೇಜು. ಒದ್ದೆ ಪ್ಯಾಂಟಿನಲ್ಲಿ ನಡುಗುತ್ತ ಬಗ್ಗಿ, ಉಸಿರು ಹಿಡಿದು, ಕಂದೀಲಿನ ಮೇಲೆ ಒತ್ತಿದೆ. ಊದಿದೆ. ಉದ್ದಕ್ಕೆ ಮಡಿಚಿದೆ.

"ನೆಟ್ಟಗ ಬಿದ್ದಿತ್ತಕ್ಕ," ಎಂದೆ. ಶಾಯಿ ಎಲ್ಲಿಯೂ ಹರಡಿರಲಿಲ್ಲ.